ಸುಂಡಿಲಿಯೂ ಸಸ್ತನಿಗಳ ವಿಷವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಅಂಚಿನಲ್ಲಿ ಚಿಕ್ ಚಿಕ್ ಎಂದು ಸದ್ದುಮಾಡುತ್ತ ಓಡುವ, ಹೋದಲ್ಲೆಲ್ಲ ಗಬ್ಬುವಾಸನೆಯನ್ನು ಬಿಡುವ ಉದ್ದಮೂತಿಯ ಪ್ರಾಣಿಯನ್ನು ನಾವೆಲ್ಲ ಕಂಡಿದ್ದೇವೆ. ಅದೇ ಸುಂಡಿಲಿ. ಹೆಸರಿನಲ್ಲಿ ಇಲಿಯಿದ್ದರೂ ಅದು ಇಲಿಯ ವರ್ಗಕ್ಕೆ ಸೇರಿದುದಲ್ಲ; ಜಿರಲೆ ಮೊದಲಾದ ಕೀಟಗಳನ್ನು ಹಿಡಿದು ತಿನ್ನುವ ಬೇರೆಯೇ ಸಸ್ತನಿ. ಅದರ ಕಡಿತದಲ್ಲಿ ವಿಷವುಂಟೆ? ವಿಷವೆಂಬುದು ಹಾವು ಚೇಳುಗಳಿಗೆ ಮೀಸಲಾದುದಲ್ಲವೆ?

ನಮ್ಮ ಸುಂಡಿಲಿಯ ಜೊಲ್ಲಿನಲ್ಲಿ ವಿಷವಿದೆಯೆಂಬುದು ಸಿದ್ಧವಾಗಿಲ್ಲ. ಆದರೆ ಅದರ ಬಂಧುವಾದ ಉತ್ತರ ಅಮೆರಿಕದ ಮೋಟುಬಾಲದ ಸುಂಡಿಲಿಯ ಜೊಲ್ಲು ನಿಜವಾಗಿಯೂ ವಿಷಮಯವಾದುದು. ಅದರ ತೂಕ ಸುಮಾರು 20 ಗ್ರಾಂ ಮಾತ್ರ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚು. ಹಂಡೆಯ ನೀರಿಗಿಂತ ಲೋಟದ ನೀರು ಬೇಗ ಆರುವಂತೆ ಪುಟ್ಟ ಪ್ರಾಣಿಯ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಆದುದರಿಂದ ಅದಕ್ಕೆ ಹಗಲಿರುಳೂ ಆಹಾರ ಬೇಕು. ಕಚ್ಚಿದ ಹುಳುಗಳನ್ನು ಕೊಲ್ಲದೆ, ಅಲುಗಾಡದಂತೆ ಮಾಡಿ, ಅದು ಕೂಡಿಡುತ್ತದೆ.

2004ರಲ್ಲಿ ಜಪಾನಿನ ವಿಜ್ಞಾನಿಗಳು ಈ ಪ್ರಾಣಿಯ ಜೊಲ್ಲುಗ್ರಂಥಿಯಿಂದ ಬ್ಲಾರಿನಾ ಟಾಕ್ಸಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದು 253 ಅಮೈನೋ ಆಮ್ಲಗಳ ಸರಪಳಿ. ಆಶ್ಚರ್ಯವೇನೆಂದರೆ, ಅದು ನಮ್ಮ ಜೊಲ್ಲುಗ್ರಂಥಿಗಳಲ್ಲಿಯೂ ಇರುವ ಕ್ಯಾಲಿಕ್ರೀನ್ ಎಂಬ ಕಿಣ್ವದ ಕುಲಕ್ಕೇ ಸೇರಿದುದು! ಈ ಕಿಣ್ವವು ರಕ್ತದ ಒಂದು ಪ್ರೋಟೀನನ್ನು ಕತ್ತರಿಸಿ ಬ್ರಾಡಿಕೈನಿನ್ ಎಂಬ ತುಣುಕನ್ನು ಬಿಡಿಸುತ್ತದೆ. ಅದರಿಂದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡ ಇಳಿಯುತ್ತದೆ. ನಮ್ಮಲ್ಲಿ ಮಿತಿಯೊಳಗೆ ನಡೆಯುವ ಈ ಕೆಲಸವೇ ಸುಂಡಿಲಿ ಕಚ್ಚಿದ ಪ್ರಾಣಿಯಲ್ಲಿ ಮಿತಿಮೀರುತ್ತದೆ.

ಪ್ರೋಟೀನಿಗಿಂತ ಚಿಕ್ಕ ಸರಪಳಿಗೆ ಪೆಪ್ಟೈಡ್ ಎಂದು ಹೆಸರು. ಇದೇ ಜೊಲ್ಲಿನಲ್ಲಿ ಕೆನಡಾದ ವಿಜ್ಞಾನಿಗಳು 54 ಅಮೈನೋ ಆಮ್ಲಗಳ ಸೋರಿಸಿಡಿನ್ ಎಂಬ ಪೆಪ್ಟೈಡನ್ನು ಕಂಡರು. ಅದರ ಕೊನೆಯ 13 ಕೊಂಡಿಗಳಷ್ಟು ತುಣುಕು ಜೀವಕೋಶದ ಒಂದು ಬಗೆಯ ಕ್ಯಾಲ್ಸಿಯಂ ದ್ವಾರವನ್ನು ಮುಚ್ಚುತ್ತದೆ. ಈ ತುಣುಕನ್ನು ಕ್ಯಾನ್ಸರ್ ರೋಗಿಗಳ ಮೇಲೆ ಮೊದಲ ಹಂತದಲ್ಲಿ ಪರೀಕ್ಷಿಸಿದ ವರದಿ 2017ರಲ್ಲಿ ಪ್ರಕಟವಾಯಿತು.

ಆಸ್ಟ್ರೇಲಿಯದ ಪ್ಲಾಟಿಪಸ್‌ನ ಕಥೆಯೂ ಹೀಗೆಯೇ. ಗಂಡಿನ ಹಿಂಗಾಲಿನ ಮುಳ್ಳಿನಿಂದ ಹೊರಬರುವ ವಿಷದ ಪೆಪ್ಟೈಡುಗಳು ಡಿಫೆನ್ಸಿನ್‌ಗಳಿಂದ ಹುಟ್ಟಿದವು. ನಮ್ಮ ಚರ್ಮದಲ್ಲಿ ರೋಗಾಣುಗಳೊಡನೆ ಹೋರಾಡುವವೂ ಡಿಫೆನ್ಸಿನ್‌ಗಳೇ. ಹೀಗೆ ಪ್ರಕೃತಿಯು ವಿಷಕ್ಕೆಂದು ಹೊಸ ಸಾಮಗ್ರಿಯನ್ನು ತರಲಿಲ್ಲ. ಮನೆಯಲ್ಲಿದ್ದ ಕುಡುಗೋಲನ್ನೇ ಕತ್ತಿಯಾಗಿ ಬಡಿಯಿತು.

ನಮ್ಮ ಸುಂಡಿಲಿಗೆ ಹೆದರಿ ಅದನ್ನು ಕೊಲ್ಲಬೇಕಾಗಿಲ್ಲ. ಆದರೆ ಕಚ್ಚಿದರೆ ಉದಾಸೀನವೂ ಸಲ್ಲದು. ವಿಷವಿಲ್ಲದ ಹಲ್ಲಿನಿಂದಲೂ ರೋಗಾಣುಗಳು ಗಾಯವನ್ನು ಸೇರಬಹುದು. ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸುವುದೇ ಸರಿಯಾದ ಕ್ರಮ.