ರೀಚಾರ್ಜ್ ಬಿಟ್ಟು ಫ್ರೀ ಡಿಶ್‌ಗೆ: ಡಿಶ್ ತಿರುಗಿಸುವ ಮುನ್ನ

ತಿಂಗಳು ತಿಂಗಳೂ ಡಿಟಿಎಚ್ ರೀಚಾರ್ಜ್ ಮಾಡಿಸಿ ಬೇಸತ್ತವರು ಕೇಳುವ ಪ್ರಶ್ನೆ ಒಂದೇ: ಮಾಳಿಗೆ ಮೇಲಿರುವ ಡಿಶ್ಶನ್ನೇ ಇಟ್ಟುಕೊಂಡು ದೂರದರ್ಶನದ ಫ್ರೀ ಡಿಶ್‌ಗೆ ಬದಲಾಗಬಹುದೇ? ಬಹುದು. ಡಿಶ್, ವೈರು ಸಾಮಾನ್ಯವಾಗಿ ಅವೇ ಸಾಕು. ಬಾಕ್ಸ್ ಮಾತ್ರ ಹೊಸದು ಬೇಕು. ಆದರೆ ಏಣಿ ಹತ್ತುವ ಮೊದಲು ಒಂದು ವಾರ ಮನೆಯಲ್ಲಿ ಯಾರು ಯಾವ ಚಾನೆಲ್ ನೋಡುತ್ತಾರೆ ಎಂದು ಗಮನಿಸಿ. ಕನ್ನಡದ ಮನೆಗಳ ಮಟ್ಟಿಗೆ ತೀರ್ಮಾನ ಆಗುವುದು ಅಲ್ಲೇ.

ಸಂಜೆ ಆರೂವರೆಯಿಂದ ಹತ್ತರವರೆಗೆ ನಿಮ್ಮ ಮನೆಯಲ್ಲಿ ಧಾರಾವಾಹಿ ಓಡುತ್ತದೆಯೇ? ಹಾಗಾದರೆ ಸ್ವಲ್ಪ ತಡೆಯಿರಿ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಟಿವಿ ಇವೆಲ್ಲ ಪೇ ಚಾನೆಲ್‌ಗಳು, ಫ್ರೀ ಡಿಶ್‌ನಲ್ಲಿ ಬರುವುದಿಲ್ಲ. ಇದಕ್ಕೆ ಕಾರಣ ತಂತ್ರಜ್ಞಾನವಲ್ಲ, ವ್ಯಾಪಾರ. ಫ್ರೀ ಡಿಶ್‌ನಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್ ದೂರದರ್ಶನದ ಮಾತೃಸಂಸ್ಥೆ ಪ್ರಸಾರ ಭಾರತಿ ನಡೆಸುವ ಇ-ಹರಾಜಿನಲ್ಲಿ ಸ್ಲಾಟ್ ಕೊಳ್ಳಬೇಕು. ಆ ದುಡ್ಡು ಜಾಹೀರಾತಿನಿಂದಲೇ ಹುಟ್ಟಬೇಕು. ಉತ್ತರ ಭಾರತದಲ್ಲಿ ಕೋಟಿಗಟ್ಟಲೆ ಫ್ರೀ ಡಿಶ್ ಮನೆಗಳಿರುವುದರಿಂದ ಹಿಂದಿ ಚಾನೆಲ್‌ಗಳಿಗೆ ಅದು ಗಿಟ್ಟುತ್ತದೆ. ಕನ್ನಡದ ದೊಡ್ಡ ಚಾನೆಲ್‌ಗಳಿಗೆ ಕೇಬಲ್ ಮತ್ತು ಡಿಟಿಎಚ್ ಚಂದಾದ ಪಾಲೇ ಗಟ್ಟಿ ಆದಾಯ; ಅದನ್ನು ಬಿಟ್ಟು ಅವು ಇಲ್ಲಿಗೆ ಬರುವುದಿಲ್ಲ. ಸಾರ್ವಜನಿಕ ಹಣದ ಸೇವೆಯೊಂದರಲ್ಲಿ ಕನ್ನಡ ಇಷ್ಟು ತೆಳುವಾಗಿರುವುದು ನನಗೆ ಸರಿಕಾಣುವುದಿಲ್ಲ. ಆದರೆ ಸದ್ಯದ ಸ್ಥಿತಿ ಇದೇ, ಇದನ್ನು ತಿಳಿದೇ ಬದಲಾಗಬೇಕು.

ಹಾಗಂತ ಸಿಗುವುದೇನೂ ಸಣ್ಣದಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ಈ ಸೇವೆಯಲ್ಲಿ ಈಗ ನೂರೈವತ್ತಕ್ಕೂ ಹೆಚ್ಚು ಟಿವಿ ಚಾನೆಲ್‌ಗಳಿವೆ. ಡಿಡಿ ಚಂದನ ಇದೆ, ಅಂದರೆ 'ಥಟ್ ಅಂತ ಹೇಳಿ' ಇದೆ. ಸುದ್ದಿ, ಹಿಂದಿ ಸಿನಿಮಾ, ಭಕ್ತಿ ಚಾನೆಲ್‌ಗಳು ಬೇಕಾದಷ್ಟಿವೆ. ಶಾಲೆ ಮಕ್ಕಳಿಗೆ ಪಿಎಂ ಇ-ವಿದ್ಯಾ, ಕಾಲೇಜಿನವರಿಗೆ ಸ್ವಯಂ ಪ್ರಭಾ ಚಾನೆಲ್‌ಗಳೂ ಇದೇ ಸೇವೆಯಲ್ಲಿ ಬರುತ್ತವೆ. ಆಕಾಶವಾಣಿಯ ವಾಹಿನಿಗಳೂ ಸೇರಿಕೊಂಡಿವೆ. ಬೆಂಗಳೂರಿನಿಂದ ಬರುವ ಶಾಸ್ತ್ರೀಯ ಸಂಗೀತದ 'ರಾಗಂ' ವಾಹಿನಿಯನ್ನು ಟಿವಿ ಸ್ಪೀಕರಿನಲ್ಲೇ ಬೆಳಿಗ್ಗೆಯಿಂದ ರಾತ್ರಿವರೆಗೆ ಕೇಳಬಹುದು. ಸಂಗೀತದ ಮನೆಗಳಿಗೆ ಇದೊಂದೇ ಸಾಕು ಅನ್ನಿಸುವಂಥದ್ದು.

ಕ್ರಿಕೆಟ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಭಾರತ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳು ಇದರಡಿ ಬರುತ್ತವೆ, ಐಪಿಎಲ್ ಬರುವುದಿಲ್ಲ. ಹೀಗೆ ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕಷ್ಟೇ ಸೀಮಿತ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಫ್ರೀ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುವ ಪಂದ್ಯ ದುಡ್ಡು ಕೊಟ್ಟ ಡಿಟಿಎಚ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುವುದಿಲ್ಲ.

ಇನ್ನು ಖರ್ಚು. ಖಾಸಗಿ ಡಿಟಿಎಚ್‌ನಲ್ಲಿ ಬರೀ ಉಚಿತ ಚಾನೆಲ್ ಆರಿಸಿಕೊಂಡರೂ ನೆಟ್‌ವರ್ಕ್ ಶುಲ್ಕ ತಪ್ಪುವುದಿಲ್ಲ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2019ರ ನಿಯಮದಲ್ಲಿ ಅದಕ್ಕೆ 130 ರೂಪಾಯಿ ಮಿತಿಯಿತ್ತು, ತೆರಿಗೆ ಸೇರಿ 153 ಆಗುತ್ತಿತ್ತು. 2024ರಲ್ಲಿ ಆ ಮಿತಿಯನ್ನೂ ತೆಗೆದರು. ಫ್ರೀ ಡಿಶ್‌ಗೆ ಹೊಸ ಡಿಶ್, ಬಾಕ್ಸ್ ಎಲ್ಲ ಸೇರಿ ಒಮ್ಮೆ ಸುಮಾರು 2,000 ರೂಪಾಯಿ. ಹಳೇ ಡಿಶ್ ಇದ್ದರೆ ಇನ್ನೂ ಕಡಿಮೆ. ಆಮೇಲೆ ತಿಂಗಳ ಬಾಡಿಗೆ, ರೀಚಾರ್ಜ್ ಯಾವುದೂ ಇಲ್ಲ. ಫ್ರೀ ಡಿಶ್‌ಗೆ ರೀಚಾರ್ಜ್ ಮಾಡಿಸಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಎಂದು ಕೇಳಿಯೇ ಕೊಳ್ಳಿ. ಎಂಪೆಗ್-2ರ ಹಳೇ ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಎಷ್ಟೋ ಚಾನೆಲ್ ಕಾಣುವುದೇ ಇಲ್ಲ. ಡಿಟಿಎಚ್ ಕಂಪನಿಯ ಬಾಕ್ಸ್ ಆ ಕಂಪನಿಯ ಸೇವೆಗೇ ಕಟ್ಟುಬಿದ್ದಿರುತ್ತದೆ, ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕೂ ಮೊದಲು ನಿಮ್ಮ ಟಿವಿಯ ಹಿಂಭಾಗ ನೋಡಿ. ಡಿಶ್ ವೈರನ್ನು ತಿರುಪಿ ಕೂರಿಸುವ ಜಾಗವಿದ್ದು, ಸೆಟಿಂಗ್‌ನಲ್ಲಿ ಸ್ಯಾಟಲೈಟ್ ಎಂಬ ಆಯ್ಕೆ ಇದ್ದರೆ ಬಾಕ್ಸೇ ಬೇಕಿಲ್ಲದಿರಬಹುದು.

ಈಗ ಡಿಶ್. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ, ಅಂದರೆ ಅಂಡಮಾನ್ ನಿಕೋಬಾರ್ ದ್ವೀಪಗಳ ದಕ್ಷಿಣಕ್ಕೆ, ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ. ಮಂಗಳೂರಿನಲ್ಲಿ 64, ಬೀದರ್‌ನಲ್ಲಿ 62. ಇಷ್ಟು ಎತ್ತರ ಇರುವುದರಿಂದ ಮರಗಳ ಕಾಟ ಕಡಿಮೆ: ಡಿಶ್‌ಗಿಂತ 40 ಅಡಿ ಮೇಲಿರುವ ತೆಂಗಿನ ಗರಿ ಅಡ್ಡ ಬರಬೇಕಾದರೆ ಆ ಮರ ಆಗ್ನೇಯ ದಿಕ್ಕಿನಲ್ಲಿ 18 ಅಡಿಯೊಳಗೇ ಇರಬೇಕು.

ಎಷ್ಟು ತಿರುಗಿಸಬೇಕು ಎಂಬುದು ಹಳೇ ಕಂಪನಿಯ ಮೇಲೆ ನಿಂತಿದೆ. ಡಿಶ್‌ನ ಹಿಂದೆ, ಅದು ನೋಡುವ ಕಡೆಗೇ ಮುಖ ಮಾಡಿ ನಿಂತುಕೊಳ್ಳಿ. ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿಯಲ್ಲಿವೆ. ಬೆಂಗಳೂರಿನಲ್ಲಾದರೆ ಡಿಶ್ ಎಡಕ್ಕೆ ಮೂವತ್ತು ಡಿಗ್ರಿಯಷ್ಟು ತಿರುಗಬೇಕು, ಏಳು ಡಿಗ್ರಿ ಕೆಳಕ್ಕೆ ಬಾಗಬೇಕು. ಏರ್‌ಟೆಲ್‌ನದು 108ರಲ್ಲಿ, ಅಲ್ಲಿ ಬಲಕ್ಕೆ ಹದಿನೇಳು, ಮೇಲಕ್ಕೆ ಹದಿನಾಲ್ಕು. ಡಿಶ್ ಟಿವಿಯದು 95ರಲ್ಲಿ ಇರುವುದರಿಂದ ಬಲಕ್ಕೂ ಮೇಲಕ್ಕೂ ತುಸುವೇ ಸರಿಸಿದರೆ ಆಯಿತು. ಸನ್ ಡೈರೆಕ್ಟ್ ಜಿಸ್ಯಾಟ್-15ನ್ನೂ ಬಳಸುವುದರಿಂದ ಅದರ ಡಿಶ್ ಇದ್ದವರು ಮೊದಲು ಹೊಸ ಬಾಕ್ಸಿಗೆ ವೈರು ಚುಚ್ಚಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಮಾಳಿಗೆ ಮೇಲೆ ಒಬ್ಬರು, ಟಿವಿ ಮುಂದೆ ಒಬ್ಬರು ಫೋನ್ ಹಿಡಿದು ಇರಬೇಕು. ವೈರು ಬಿಚ್ಚುವಾಗಲೂ ಹಾಕುವಾಗಲೂ ಬಾಕ್ಸಿನ ಪ್ಲಗ್ ತೆಗೆದಿರಿ. ಡಿಶ್‌ನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುವುದು ಅದೇ ವೈರಿನಲ್ಲಿ, ಒಳತಂತಿಗೆ ಹೊರಜಾಲರಿ ತಾಗಿದರೆ ಬಾಕ್ಸ್ ಕೆಡಬಹುದು. ಮೆನುವಿನಲ್ಲಿ ಜಿಸ್ಯಾಟ್-15 ಆರಿಸಿ, ಎಲ್‌ಎನ್‌ಬಿ 9750/10600 ಎಂದು ಇಡಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನಂಬಬೇಡಿ: ವೈರು, ಎಲ್‌ಎನ್‌ಬಿ ಸರಿಯಿದ್ದರೆ ಡಿಶ್ ಯಾವ ಕಡೆ ನೋಡುತ್ತಿದ್ದರೂ ಅದು ಏರಿರುತ್ತದೆ. ಉಪಗ್ರಹ ಸಿಕ್ಕಿದ್ದನ್ನು ಹೇಳುವುದು ಕ್ವಾಲಿಟಿ ಮಾತ್ರ, ಅದು ಸರಿಯಾದ ಜಾಗ ಬರುವವರೆಗೆ ಸೊನ್ನೆಯಲ್ಲೇ ಕೂತಿರುತ್ತದೆ. ಆದ್ದರಿಂದ ನಟ್ಟನ್ನು ಅರ್ಧ ಸಡಿಲ ಮಾಡಿ, ಬೆರಳಗಲವೂ ಅಲ್ಲ, ನೂಲಿನಷ್ಟು ಸರಿಸಿ. ಎರಡು ಮೂರು ಸೆಕೆಂಡ್ ಕಾಯಿರಿ. ಕೆಳಗಿನವರು ಇಲ್ಲ ಅಂದ ಮೇಲೆ ಇನ್ನೊಂದು ನೂಲು. ಆತುರದಲ್ಲಿ ಸರ್ರನೆ ತಿರುಗಿಸಿದರೆ ಬಾಕ್ಸ್ ಸಿಗ್ನಲ್ ಹಿಡಿಯುವ ಮೊದಲೇ ಡಿಶ್ ದಾಟಿಹೋಗಿರುತ್ತದೆ. ಕ್ವಾಲಿಟಿ ಸಿಕ್ಕಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಸ್ವಲ್ಪ ಆಚೀಚೆ ತಿರುಚಿ ಅತಿ ಹೆಚ್ಚು ಬರುವಲ್ಲಿ ಬಿಗಿ ಮಾಡಿ. ನಟ್ಟುಗಳನ್ನು ಒಂದಾದ ಮೇಲೊಂದು ಸಮವಾಗಿ ಬಿಗಿಯಿರಿ, ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ವಾಲುತ್ತದೆ. ಸ್ಕ್ಯಾನ್ ಮಾಡಿದಾಗ ಡಿಡಿ ಚಾನೆಲ್‌ಗಳ ಹೆಸರು ಬಾರದಿದ್ದರೆ ನೀವು ಪಕ್ಕದ ಉಪಗ್ರಹ ಹಿಡಿದಿದ್ದೀರಿ. 95ರದು ಇದರಿಂದ ಒಂದೂವರೆ ಡಿಗ್ರಿಯಷ್ಟೇ ದೂರ. ಎಷ್ಟು ಮಾಡಿದರೂ ಕ್ವಾಲಿಟಿ ಏಳದಿದ್ದರೆ ಹಳೇ ಕಂಪನಿಯ ಎಲ್‌ಎನ್‌ಬಿ ಬೇರೆ ಲೆಕ್ಕದ್ದಿರಬಹುದು, ಯೂನಿವರ್ಸಲ್ ಎಲ್‌ಎನ್‌ಬಿ ಹಾಕಿಸಿ. ಮಲೆನಾಡು, ಕರಾವಳಿಯವರಿಗೆ ನನ್ನ ಸಲಹೆ: ಹೊಸ ಡಿಶ್ ಕೊಳ್ಳುವುದೇ ಆದರೆ ಸ್ವಲ್ಪ ದೊಡ್ಡದನ್ನೇ ಕೊಳ್ಳಿ. ಜಡಿಮಳೆಯಲ್ಲಿ ಫ್ರೀ ಡಿಶ್ ಬರುವ ಕೆಯು ಬ್ಯಾಂಡ್ ಸಿಗ್ನಲ್ ಕುಗ್ಗುವುದು ಸಹಜ, ದೊಡ್ಡ ಡಿಶ್ ಅದನ್ನು ಸ್ವಲ್ಪ ತಡೆದುಕೊಳ್ಳುತ್ತದೆ.

ಹಳೇ ಸಂಪರ್ಕವನ್ನು ರೀಚಾರ್ಜ್ ನಿಲ್ಲಿಸಿ ಬಿಡಬಹುದು, ಆದರೆ ಬ್ಯಾಂಕಿನಲ್ಲಿ ಆಟೋಪೇ ಇದ್ದರೆ ಮೊದಲು ಅದನ್ನು ರದ್ದು ಮಾಡಿ. ಬಾಕ್ಸ್ ಬಾಡಿಗೆಯದಾಗಿದ್ದರೆ ವಾಪಸ್ ಕೊಟ್ಟು ಠೇವಣಿ ಕೇಳಿ. ಧಾರಾವಾಹಿ ಬಿಡಲಾಗದ ಮನೆಯಲ್ಲಿ ಎರಡು ಟಿವಿ ಇದ್ದರೆ, ಎರಡನೆಯದರ ಡಿಟಿಎಚ್ ಸಂಪರ್ಕವನ್ನಷ್ಟೇ ಫ್ರೀ ಡಿಶ್‌ಗೆ ಬದಲಿಸುವುದು ಜಾಣತನ; ಅಜ್ಜಿಗೆ ಜೀ ಕನ್ನಡವೂ ಉಳಿಯುತ್ತದೆ, ಮಕ್ಕಳಿಗೆ ಪಂದ್ಯವೂ ಸಿಗುತ್ತದೆ. ಹರಾಜಾದ ವಾರ್ಷಿಕ ಸ್ಲಾಟ್‌ಗಳು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಹಾಗಾಗಿ ಏಪ್ರಿಲ್ ಮೊದಲ ವಾರ ಯಾವುದಾದರೂ ಚಾನೆಲ್ ಮಾಯವಾದರೆ ಮಾಳಿಗೆ ಹತ್ತಬೇಡಿ, ರಿಮೋಟಿನಲ್ಲಿ ಆಟೋ ಸ್ಕ್ಯಾನ್ ಕೊಡಿ. ಹೊಸದಾಗಿ ಬಂದ ಚಾನೆಲ್‌ಗಳು ಸೇರುವುದೂ ಹಾಗೆಯೇ.