ನಲ್ಲಿ ನಿಲ್ಲಿಸಿದಾಗ ಸಿಕ್ಕ ಲೆಕ್ಕ

ತೊಟ್ಟಿಯ ನೀರು ಬೆಳಗಿನಿಂದ ಒಂದೇ ಮಟ್ಟದಲ್ಲಿದೆ. ನಲ್ಲಿಯೂ ಬಂದ್, ತೂಬೂ ಬಂದ್ ಎಂದುಕೊಳ್ಳುತ್ತೇವೆ. ಆದರೆ ಮೇಲಿನಿಂದ ಸುರಿದಷ್ಟೂ ನೀರು ಕೆಳಗಿನಿಂದ ಹರಿದುಹೋಗುತ್ತಿದ್ದರೂ ಮಟ್ಟ ಹೀಗೇ ಇರುತ್ತದೆ. ಯಾವುದು ನಿಜವೆಂದು ನೋಡುತ್ತ ಕೂತರೆ ತಿಳಿಯದು, ನಲ್ಲಿ ನಿಲ್ಲಿಸಬೇಕು.

ಎಚ್‌ಐವಿ ಏಮಾರಿಸಿದ್ದು ಹೀಗೆಯೇ. ಸೋಂಕು ತಗುಲಿ ಏಡ್ಸ್ ಕಾಣಿಸಿಕೊಳ್ಳಲು ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಆ ಅವಧಿಯ ಬಹುಪಾಲು ರಕ್ತದಲ್ಲಿ ವೈರಸ್‌ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ವೈರಸ್ ಮಲಗಿದೆ ಎಂದೇ ಹಲವರು ನಂಬಿದ್ದರು. ನ್ಯೂಯಾರ್ಕಿನ ವೈದ್ಯ ಡೇವಿಡ್ ಹೋ ತಮ್ಮ ರೋಗಿಗಳಿಗೆ ರಿಟೊನವಿರ್ ಎಂಬ ಹೊಸ ಔಷಧಿ ಕೊಟ್ಟು ಹೊಸ ಸೋಂಕಿನ ನಲ್ಲಿ ನಿಲ್ಲಿಸಿದರು. ವೈರಸ್ ಸರಸರನೆ ಕುಸಿಯಿತು. ಕುಸಿದ ಆ ಗೆರೆಗೆ ಲಾಸ್ ಅಲಾಮೊಸ್ ಪ್ರಯೋಗಾಲಯದ ಗಣಿತಜೀವಶಾಸ್ತ್ರಜ್ಞ ಅಲನ್ ಪೆರೆಲ್ಸನ್ ಸಮೀಕರಣ ಹೊಂದಿಸಿದರು. ಹುಟ್ಟಿದ್ದೆಷ್ಟು, ಸತ್ತದ್ದೆಷ್ಟು: ಜಮಾ-ಖರ್ಚು, ಬೇರೇನಿಲ್ಲ. 1996ರಲ್ಲಿ ಬಂದ ಉತ್ತರ ಬೆಚ್ಚಿಬೀಳಿಸುವಂಥದ್ದು. ದಿನವೊಂದಕ್ಕೆ ಸುಮಾರು 1,000 ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ರಕ್ತದಲ್ಲಿರುವವುಗಳಲ್ಲಿ ಅರ್ಧದಷ್ಟು ಆರು ಗಂಟೆಯೊಳಗೆ ಅಳಿಯುತ್ತವೆ.

ಹತ್ತು ಸಾವಿರದಷ್ಟೇ ಅಕ್ಷರಗಳ ಆನುವಂಶಿಕ ಬರಹವಿರುವ ಈ ವೈರಸ್ ನಕಲಾಗುವಾಗ ಆಗಾಗ ತಪ್ಪು ಮಾಡುತ್ತದೆ. ಇಷ್ಟು ಹುಟ್ಟುಗಳಲ್ಲಿ ಒಂದಕ್ಷರದ ಪ್ರತಿಯೊಂದು ತಪ್ಪೂ ದಿನಾ ಎಲ್ಲೋ ಆಗೇ ಆಗುತ್ತದೆ. ಔಷಧಿಯಿಂದ ಪಾರಾಗಿಸುವ ತಪ್ಪೂ ಅವುಗಳಲ್ಲಿ ಇರಬಹುದು. ಅಂದಮೇಲೆ ಒಂದೇ ಔಷಧಿ ಗೆಲ್ಲುವುದೆಂತು? ಮೂರನ್ನು ಒಟ್ಟಿಗೆ ಕೊಡುವ ಪದ್ಧತಿಗೆ ಈ ಲೆಕ್ಕ ದೊಡ್ಡ ಬೆಂಬಲವಾಯಿತು.

ಲೆಕ್ಕ ಎಡವಿದ್ದೂ ಉಂಟು. ಔಷಧಿ ಕೊಟ್ಟೊಡನೆ ರಕ್ತದಲ್ಲಿ ಎಚ್‌ಐವಿ ದಾಳಿಯಿಡುವ ಸಿಡಿ4 ಎಂಬ ರಕ್ಷಣಾ ಕೋಶಗಳು ಏರಿದ್ದವು. ದೇಹ ದಿನಕ್ಕೆ ಸುಮಾರು 200 ಕೋಟಿ ಕೋಶಗಳನ್ನು ಹೊಸದಾಗಿ ತಯಾರಿಸುತ್ತಿದೆ ಎಂದು ಎಣಿಸಿದರು. ಆ ಏರಿಕೆಯ ಬಹುಭಾಗ ದುಗ್ಧಗ್ರಂಥಿಗಳಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಕೋಶಗಳೇ ರಕ್ತಕ್ಕೆ ಮರಳಿದ್ದರಿಂದ ಎಂದು ಆಮೇಲೆ ತಿಳಿಯಿತು. ನನಗೆ ಇದೇ ಗಣಿತದ ದೊಡ್ಡ ಗುಣ ಅನ್ನಿಸುತ್ತದೆ: ಅಂಕಿಯಲ್ಲಿ ಹೇಳಿದ್ದರಿಂದಲೇ ತಪ್ಪನ್ನು ಹಿಡಿಯಲು ಸಾಧ್ಯವಾಯಿತು.

ಪೆರೆಲ್ಸನ್ ಜೊತೆ ಕೆಲಸ ಮಾಡಿದ ನರೇಂದ್ರ ದೀಕ್ಷಿತ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಇಂಥದೇ ಲೆಕ್ಕವನ್ನು ಅವರು ಕೋವಿಡ್‌ಗೂ ಹಚ್ಚಿದರು. ಅದು ಒಬ್ಬರಿಗೆ ನೆಗಡಿಯಾಗಿ ಹೋಗಿ, ಇನ್ನೊಬ್ಬರನ್ನು ಐಸಿಯುಗೆ ತಳ್ಳುವುದೇಕೆ? ಮೊದಲ ಸಾಲಿನ ರಕ್ಷಣೆಯೂ, ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳೂ ಎಷ್ಟು ಬಲವಾಗಿ, ಎಷ್ಟು ಬೇಗ ಎದ್ದು ನಿಲ್ಲುತ್ತವೆ ಎಂಬ ವ್ಯತ್ಯಾಸದಿಂದಲೇ ಇದನ್ನು ವಿವರಿಸಬಹುದೆಂದು ಅವರ ತಂಡದ ಮಾದರಿ 2022ರಲ್ಲಿ ತೋರಿಸಿತು. ಅಂದಹಾಗೆ, ದೀಕ್ಷಿತ್ ಇರುವುದು ವೈದ್ಯಕೀಯ ವಿಭಾಗದಲ್ಲಲ್ಲ, ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ. ತೊಟ್ಟಿಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದು ಅಲ್ಲಿನ ಹುಡುಗರಿಗೆ ಆರಂಭದ ಪಾಠ.