ಗಿರಾಕಿ ಇದ್ದರೂ ಬಾಗಿಲು ಮುಚ್ಚಿದ ಹೋಟೆಲುಗಳು

2009ರ ಏಪ್ರಿಲ್ 5ರಂದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ತನ್ನ ಕೊನೆಯ ಕಾಫಿಯನ್ನು ಬಡಿಸಿತು. ಬಿಳಿಯ ಸಮವಸ್ತ್ರ, ತಲೆಗೆ ರುಮಾಲು, ಸೊಂಟಕ್ಕೆ ಅಗಲವಾದ ಪಟ್ಟಿ ಧರಿಸಿದ ಪರಿಚಾರಕರು ಹಲವು ದಶಕಗಳ ಕಾಲ ಓಡಾಡಿದ ಆ ಹಜಾರದಲ್ಲಿ ಪತ್ರಕರ್ತರು, ವಕೀಲರು, ನಿವೃತ್ತ ಸೇನಾಧಿಕಾರಿಗಳು, ಕಮರ್ಷಿಯಲ್ ಸ್ಟ್ರೀಟಿನ ವರ್ತಕರು ಒಂದೇ ಮೇಜಿನ ಸುತ್ತ ಕುಳಿತು ಗಂಟೆಗಟ್ಟಲೆ ಕಾಲ ಕಳೆದಿದ್ದರು. ಒಂದು ಕಪ್ ಕಾಫಿ ಮುಗಿದ ಮೇಲೂ ಏಳಿರೆಂದು ಯಾರೂ ಹೇಳದ ಸ್ಥಳವದು. ಅದು ಮುಚ್ಚಿದುದು ಗಿರಾಕಿಗಳಿಲ್ಲದೆ ಅಲ್ಲ. ಕಟ್ಟಡದ ಮಾಲೀಕರೊಂದಿಗೆ ನಡೆದಿದ್ದ ವ್ಯಾಜ್ಯದಲ್ಲಿ ಕಾಫಿ ಕಾರ್ಮಿಕರ ಸಹಕಾರ ಸಂಘಕ್ಕೆ ಜಾಗ ಉಳಿಯಲಿಲ್ಲ.

ಹಳೆಯ ಹೋಟೆಲೊಂದು ಮುಚ್ಚಿದಾಗಲೆಲ್ಲ ಜನರ ಅಭಿರುಚಿ ಬದಲಾಯಿತು, ಹೊಸ ಪೀಳಿಗೆಗೆ ಇಡ್ಲಿ ದೋಸೆ ಬೇಡವಾಯಿತು ಎಂಬ ಮಾತು ಕೇಳಿಬರುತ್ತದೆ. ಬೆಂಗಳೂರಿನ ಅನುಭವ ಈ ಮಾತನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ. ಕಣ್ಮರೆಯಾದ ಪ್ರಸಿದ್ಧ ಹೋಟೆಲುಗಳಲ್ಲಿ ಹಲವು ಮುಚ್ಚುವ ದಿನದವರೆಗೂ ತುಂಬಿರುತ್ತಿದ್ದವು. ಅವುಗಳಿಗೆ ಪೆಟ್ಟು ಬಿದ್ದುದು ಅಡುಗೆಮನೆಯಲ್ಲಲ್ಲ; ಬಾಡಿಗೆ ಪತ್ರದಲ್ಲಿ, ನೆಲದ ಬೆಲೆಯಲ್ಲಿ, ಪರವಾನಗಿ ಕಡತದಲ್ಲಿ.

ಪೇಟೆ ಮತ್ತು ದಂಡು

1949ರಲ್ಲಿ ಒಂದೇ ನಗರಪಾಲಿಕೆಯ ಅಡಿಯಲ್ಲಿ ಸೇರುವವರೆಗೆ ಪೇಟೆ ಮತ್ತು ದಂಡು ಪ್ರತ್ಯೇಕ ಆಡಳಿತದ ಎರಡು ಊರುಗಳೇ ಆಗಿದ್ದವು. ಅವುಗಳ ಊಟದ ಮನೆಗಳೂ ಬೇರೆ ಬೇರೆ. ಪೇಟೆಯ ಕಡೆ ದಕ್ಷಿಣ ಕನ್ನಡದಿಂದ ಬಂದ ಉಡುಪಿಯವರ ಕಾಫಿ ಕ್ಲಬ್ಬುಗಳು ಬೆಳೆದವು. ಮೈಯಾ ಸಹೋದರರು 1924ರಲ್ಲಿ ಆರಂಭಿಸಿದ ಬ್ರಾಹ್ಮಣರ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆಯಿತು. ಚಿಕ್ಕಪೇಟೆ, ಬಳೇಪೇಟೆಗಳ ಹೋಟೆಲುಗಳು ವರ್ತಕರ ಪಾಲಿಗೆ ಕೇವಲ ತಿಂಡಿಯ ಸ್ಥಳಗಳಾಗಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಆಡಲಾಗದ ದರದ ಮಾತು, ದಲ್ಲಾಳಿಯೊಂದಿಗಿನ ಮಾತುಕತೆ, ಬಾಕಿ ವಸೂಲಿಯ ರಾಜಿ, ಪಾಲುದಾರರ ಮುನಿಸು ಇವೆಲ್ಲ ಬೈಟು ಕಾಫಿಯ ಮೇಲೆ ಇತ್ಯರ್ಥವಾಗುತ್ತಿದ್ದವು. ಕಚೇರಿ ಕೋಣೆಯಿಲ್ಲದ ಸಣ್ಣ ವ್ಯಾಪಾರಿಗೆ ಹೋಟೆಲಿನ ಮೂಲೆಯ ಮೇಜೇ ಕಚೇರಿ, ಗಲ್ಲಾದ ಮೇಲೆ ಕುಳಿತ ಮಾಲೀಕನೇ ಸಂದೇಶ ತಲುಪಿಸುವವನು.

ದಂಡಿನ ಕಡೆಯ ಸೊಗಸು ಬೇರೆ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿನ ವಿಶಾಲ ಆವರಣದಲ್ಲಿ ಹಳೆಯ ಮರಗಳ ನೆರಳಿನಲ್ಲಿ ಕುಳಿತು ಮಧ್ಯಾಹ್ನದ ಊಟ ಮಾಡಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ಸಂತ ಮಾರ್ಕರ ರಸ್ತೆಯ ಕೋಶೀಸ್, ಮಹಾತ್ಮ ಗಾಂಧಿ ರಸ್ತೆಯ ಲೇಕ್ ವ್ಯೂ ಐಸ್ ಕ್ರೀಂ ಅಂಗಡಿ, ಪ್ಲಾಜಾ ಚಿತ್ರಮಂದಿರದಲ್ಲಿ ಇಂಗ್ಲಿಷ್ ಚಿತ್ರ ನೋಡಿ ಬಂದವರ ಹರಟೆ, ಇವೆಲ್ಲ ಒಂದೇ ಸಂಜೆಯ ಭಾಗಗಳು. ಕತ್ತಲಾದ ಮೇಲೆ ತ್ರೀ ಏಸಸ್, ಬ್ಲೂ ಫಾಕ್ಸ್ ಮೊದಲಾದ ರಾತ್ರಿ ತಾಣಗಳ ಸರದಿ. ವಾದ್ಯವೃಂದ, ನೃತ್ಯದ ನೆಲ, ಆಂಗ್ಲೋ ಇಂಡಿಯನ್ ಗಾಯಕ ಗಾಯಕಿಯರು, ಕ್ಯಾಬರೆ. ಪೇಟೆಯ ಗೃಹಸ್ಥರು ಈ ತಾಣಗಳ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ಹೊರ ಊರಿನ ಏಜೆಂಟರು ಬಂದಾಗ ಮಾತ್ರ ವ್ಯವಹಾರದ ನೆಪವಿರುತ್ತಿತ್ತು! 1980ರ ದಶಕದ ಉತ್ತರಾರ್ಧದಲ್ಲಿ ಕ್ಯಾಬರೆಯ ಜಾಗಕ್ಕೆ ಪಬ್ಬು ಬಂದಿತು. ಚರ್ಚ್ ಸ್ಟ್ರೀಟಿನಲ್ಲಿ ಬಾಹ್ಯಾಕಾಶ ನೌಕೆಯ ಒಳಾಂಗಣವನ್ನು ಹೋಲುವಂತೆ ನಿರ್ಮಿಸಿದ ನಾಸಾ ಎಂಬ ಪಬ್ಬನ್ನು ನೋಡಲೆಂದೇ ಪರಊರಿನವರು ಬರುತ್ತಿದ್ದರು.

ವಿಕ್ಟೋರಿಯಾ, ತ್ರೀ ಏಸಸ್, ಬ್ಲೂ ಫಾಕ್ಸ್, ನಾಸಾ ಇವುಗಳಲ್ಲಿ ಇಂದು ಯಾವುದೂ ಇಲ್ಲ. ವಿಕ್ಟೋರಿಯಾ ಹೋಟೆಲ್ ನೆಲಸಮಗೊಂಡ ಜಾಗದಲ್ಲಿ ಬಹುಮಹಡಿ ಮಾಲ್ ಎದ್ದಿತು.

ಹದಿನೈದು ದಿನಗಳ ನೋಟಿಸು

ಹಳೆಯ ಹೋಟೆಲುಗಳಲ್ಲಿ ಅನೇಕವು ಬಾಡಿಗೆ ಕಟ್ಟಡಗಳಲ್ಲಿದ್ದವು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಅಧಿನಿಯಮವು ಬಾಡಿಗೆದಾರನಿಗೆ ಗಣನೀಯ ರಕ್ಷಣೆ ನೀಡಿತ್ತು. ತಂದೆಯ ಕಾಲದಲ್ಲಿ ಗೊತ್ತಾದ ಬಾಡಿಗೆ ಮಗನ ಕಾಲಕ್ಕೂ ಅಲ್ಪಸ್ವಲ್ಪ ಏರಿಕೆಯೊಂದಿಗೆ ಮುಂದುವರಿಯುತ್ತಿದ್ದ ನಿದರ್ಶನಗಳು ಬೇಕಾದಷ್ಟಿವೆ. ಕಡಿಮೆ ಬೆಲೆಗೆ ಒಳ್ಳೆಯ ಕಾಫಿ ಕೊಟ್ಟ ಹೋಟೆಲುಗಳ ಔದಾರ್ಯದ ಒಂದು ಪಾಲನ್ನು ವಾಸ್ತವವಾಗಿ ಭರಿಸುತ್ತಿದ್ದವನು ಕಟ್ಟಡದ ಮಾಲೀಕನೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ವಾಣಿಜ್ಯ ಉದ್ದೇಶದ ಕಟ್ಟಡಗಳ ಪೈಕಿ 14 ಚದರ ಮೀಟರಿಗಿಂತ ಹೆಚ್ಚಿನ ವಿಸ್ತೀರ್ಣದವು ಅಧಿನಿಯಮದ ವ್ಯಾಪ್ತಿಯಿಂದಲೇ ಹೊರಬಿದ್ದವು. 14 ಚದರ ಮೀಟರ್ ಎಂದರೆ ಸರಿಸುಮಾರು 150 ಚದರ ಅಡಿ. ಬೀಡಾ ಅಂಗಡಿಗೆ ಸಾಕು, ಹೋಟೆಲಿನ ಅಡುಗೆಮನೆಗೂ ಸಾಲದು. ಹೊರಬಿದ್ದವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಅದರ 106ನೆಯ ಕಲಮಿನಂತೆ ತಿಂಗಳ ಬಾಡಿಗೆದಾರನನ್ನು ತೆರವುಗೊಳಿಸಲು, ಬೇರೆ ಕರಾರು ಇಲ್ಲದಿದ್ದಲ್ಲಿ, 15 ದಿನಗಳ ನೋಟಿಸು ಸಾಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಾಯಿತ ಪತ್ರ ಬೇಕೆಂದು 107ನೆಯ ಕಲಮು ಹೇಳುತ್ತದೆ. ಆದರೆ ಹಿರಿಯರ ಕಾಲದ ಹೋಟೆಲುಗಳಲ್ಲಿ ಇರುತ್ತಿದ್ದುದು ಮಾತಿನ ಒಪ್ಪಂದ, ಅಥವಾ ಛಾಪಾಕಾಗದದ ಮೇಲಿನ ನೋಂದಣಿಯಾಗದ ಕರಾರು. ಮುದ್ರಾಂಕ ಶುಲ್ಕ ಉಳಿಸಿದ ಆ ಜಾಣತನಕ್ಕೆ ಮಕ್ಕಳು ಬೆಲೆ ತೆರಬೇಕಾಯಿತು. ಈ ಪರಿಸ್ಥಿತಿ ಹೋಟೆಲಿಗಷ್ಟೇ ಸೀಮಿತವಲ್ಲವೆಂಬುದನ್ನು ಅವೆನ್ಯೂ ರಸ್ತೆಯಲ್ಲೋ ಸುಲ್ತಾನ್ ಪೇಟೆಯಲ್ಲೋ ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋಟೆಲಿನ ನಿಜವಾದ ಆಸ್ತಿ ಅದರ ಹೆಸರು, ವರ್ತಕರ ಭಾಷೆಯಲ್ಲಿ ಗುಡ್‌ವಿಲ್. ಆದರೆ ಇದು ಆಸ್ತಿ ಜಮಾಖರ್ಚು ಪಟ್ಟಿಯಲ್ಲಿ ಕಾಣುವುದಿಲ್ಲ. ಹಣ ಕೊಟ್ಟು ಕೊಂಡ ಗುಡ್‌ವಿಲ್‌ಗೆ ಲೆಕ್ಕವುಂಟು, ದುಡಿದು ಗಳಿಸಿದ್ದಕ್ಕೆ ಇಲ್ಲ. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಂತ ಪರಿಶ್ರಮದಿಂದ ಬೆಳೆದ ಗುಡ್‌ವಿಲ್‌ಗೆ ಖರೀದಿ ವೆಚ್ಚವೆಂಬುದೇ ಇಲ್ಲವಾದ್ದರಿಂದ ಅದರ ವರ್ಗಾವಣೆಗೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂದು ತೀರ್ಪಿತ್ತಿತು. ಆ ಪ್ರಕರಣದಲ್ಲಿದ್ದುದು ಊದುಬತ್ತಿ ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆ. 1987ರ ಹಣಕಾಸು ಅಧಿನಿಯಮವು ಅದರ ಖರೀದಿ ವೆಚ್ಚವನ್ನು ಶೂನ್ಯವೆಂದು ಭಾವಿಸಿ ತೆರಿಗೆಯ ದಾರಿ ತೆರೆಯಿತು. ಹೀಗೆ ತೆರಿಗೆಗೆ ಕಾಣುವ ಹೆಸರು ಬಾಡಿಗೆ ವ್ಯಾಜ್ಯದಲ್ಲಿ ಕಾಣುವುದಿಲ್ಲ. ಐವತ್ತು ವರ್ಷ ಒಂದೇ ಮೂಲೆಯಲ್ಲಿ ಕಾಫಿ ಸೋಸಿ ಆ ಮೂಲೆಗೆ ಬೆಲೆ ತಂದವನು ಹೋಟೆಲಿನವನು, ಆ ಬೆಲೆ ಸೇರುವುದು ನೆಲದ ಒಡೆಯನಿಗೆ.

ಹಾಗಾದರೆ ಸ್ವಂತ ನೆಲವಿದ್ದವರು ಉಳಿದರೇ? ಅದೂ ಪೂರ್ಣ ನಿಜವಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದುಬಂದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಹಸಿರು ಮಸಾಲೆಯ ಇಡ್ಲಿಗೆ, ನೀರುದೋಸೆಗೆ ಹೆಸರಾದ ಹೋಟೆಲದು. ಸುದ್ದಿ ಹಬ್ಬಿದೊಡನೆ ಮೂರು ತಲೆಮಾರಿನ ಗಿರಾಕಿಗಳು ಕೊನೆಯ ತಿಂಡಿಗೆಂದು ಬಂದರು. ಜಾಗ ಆಭರಣ ವ್ಯಾಪಾರದವರಿಗೆ ಮಾರಾಟವಾಯಿತೆಂದು ವರದಿಯಾಯಿತು. ಇಂತಹ ನಿರ್ಧಾರವನ್ನು ದೂರುವ ಮುನ್ನ ಒಂದು ಲೆಕ್ಕವನ್ನು ಪರಿಶೀಲಿಸುವುದು ಉಚಿತ. ಉದಾಹರಣೆಗೆ, ವರ್ಷಕ್ಕೆ 30 ಲಕ್ಷ ರೂಪಾಯಿ ನಿವ್ವಳ ಲಾಭ ತರುವ ಯಾವುದೋ ಹೋಟೆಲು 20 ಕೋಟಿ ರೂಪಾಯಿ ಬೆಲೆಯ ನೆಲದ ಮೇಲಿದೆ ಎಂದಿಟ್ಟುಕೊಳ್ಳೋಣ. ಅದೇ ಮೊತ್ತ ಬ್ಯಾಂಕಿನಲ್ಲಿ ಶೇಕಡ 7ರ ಬಡ್ಡಿಗೆ ಕುಳಿತರೆ ವರ್ಷಕ್ಕೆ 1 ಕೋಟಿ 40 ಲಕ್ಷ. ತೆರಿಗೆ ಕಳೆದರೂ ಅಂತರ ದೊಡ್ಡದೇ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿಸುವ ಕಷ್ಟವಿಲ್ಲ, ಅಡುಗೆಯವರು ಊರಿಗೆ ಹೋದವರು ಬರಲಿಲ್ಲವೆಂಬ ಚಿಂತೆಯಿಲ್ಲ. ಓದಿ ಬೇರೆ ಉದ್ಯೋಗ ಹಿಡಿದ ಮಕ್ಕಳು ಈ ಲೆಕ್ಕವನ್ನು ಬಹುಬೇಗ ಮಾಡುತ್ತಾರೆ. ಕುಳಿತು ಹರಟುವವನಿಗೆ ಜಾಗ ಕೊಡುವುದೇ ನಷ್ಟವೆಂದು ಕಂಡಾಗ ನಿಂತು ತಿನ್ನುವ ದರ್ಶಿನಿಗಳು ಬಂದುದರ ಹಿಂದೆಯೂ ಇದೇ ಚದರ ಅಡಿಯ ಗಣಿತವಿದೆ.

ಪರವಾನಗಿಯ ಕಡತ

ರಾತ್ರಿ ತಾಣಗಳಿಗೆ ಇದರ ಜೊತೆಗೆ ಇನ್ನೊಂದು ಭಾರವಿತ್ತು. ಅಬಕಾರಿ ಪರವಾನಗಿ ಪ್ರತಿ ವರ್ಷ ಜುಲೈ 1ಕ್ಕೆ ನವೀಕರಣಗೊಳ್ಳಬೇಕು. ಸಂಗೀತ, ನೃತ್ಯಗಳಿಗೆ ಪೊಲೀಸ್ ಪರವಾನಗಿ ಬೇಕೆಂದು 2005ರ ಆದೇಶ ವಿಧಿಸಿತು. ಸರ್ವೋಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಆ ಬಳಿಕ ಪೊಲೀಸರು ಕೇಳಿದ ಕಾಗದಗಳಲ್ಲಿ ಕಟ್ಟಡದ ಸ್ವಾಧೀನ ಪ್ರಮಾಣಪತ್ರವೂ ಒಂದು. ನಗರದ ಅದೆಷ್ಟೋ ಕಟ್ಟಡಗಳಿಗೆ ಆ ಪತ್ರವೇ ಇಲ್ಲದಿದ್ದುದರಿಂದ ಅನೇಕ ಪಬ್ಬುಗಳಲ್ಲಿ ಗಿಟಾರು ಮೂಲೆ ಸೇರಿತು. ಅದಕ್ಕೂ ಮುನ್ನ, ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂಬ 2016ರ ಡಿಸೆಂಬರಿನ ತೀರ್ಪಿನ ಫಲವಾಗಿ 2017ರ ಜುಲೈ 1ರಂದು ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಬಾರುಗಳು ಒಮ್ಮೆಗೇ ಬಾಗಿಲು ಹಾಕಿದವು. ನಗರ ವ್ಯಾಪ್ತಿಗೆ ನಿರ್ಬಂಧ ಅನ್ವಯಿಸದೆಂದು ನ್ಯಾಯಾಲಯ ಅದೇ ತಿಂಗಳು ಸ್ಪಷ್ಟಪಡಿಸಿದ ಮೇಲೆ ದಾರಿ ತೆರೆಯಿತಾದರೂ, ವ್ಯಾಪಾರವಿಲ್ಲದ ದಿನಗಳ ಬಾಡಿಗೆ, ಸಂಬಳಗಳನ್ನು ಯಾರೂ ಹಿಂದಿರುಗಿಸಲಿಲ್ಲ.

ಸರಕಾರದ ಒಂದು ಆದೇಶ ಒಳಿತಿಗೂ ದಾರಿಯಾದ ನಿದರ್ಶನ ಎಂಟಿಆರ್. ತುರ್ತುಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಗಳ ಬೆಲೆಗೆ ಮಿತಿ ಹೇರಿದಾಗ, ಗುಣಮಟ್ಟ ಇಳಿಸಲೊಲ್ಲದ ಮೈಯಾ ಕುಟುಂಬ ಹೋಟೆಲನ್ನೇ ಮುಚ್ಚಿ, ಕೆಲಸಗಾರರನ್ನು ಉಳಿಸಿಕೊಳ್ಳಲು ಸಿದ್ಧ ಮಿಶ್ರಣಗಳ ಪೊಟ್ಟಣ ತಯಾರಿಕೆಗೆ ತೊಡಗಿತು. ರವೆ ಇಡ್ಲಿ ಹಿಟ್ಟಿನೊಂದಿಗೆ ಹೋಟೆಲಿನ ಹೆಸರು ಲಾಲ್‌ಬಾಗ್ ರಸ್ತೆ ಬಿಟ್ಟು ದೇಶವಿಡೀ ಸಂಚರಿಸಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಎಂಟಿಆರ್ ಫುಡ್ಸ್ ಕಂಪನಿಯನ್ನು ಸುಮಾರು 8 ಕೋಟಿ ಡಾಲರಿಗೆ ಕೊಂಡಿತು. ಹೋಟೆಲು ಆ ಮಾರಾಟದಲ್ಲಿ ಸೇರಿರಲಿಲ್ಲ. ಕುಟುಂಬದ ಕೈಯಲ್ಲೇ ಉಳಿಯಿತು.

ಇನ್ನು ಕಾಫಿ ಹೌಸಿನ ವಿಷಯ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಕಾಫಿ ಮಂಡಳಿ ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ 1957ರ ಆಗಸ್ಟ್ 19ರಂದು ಸ್ಥಾಪನೆಯಾದುದು ಬೆಂಗಳೂರಿನಲ್ಲೇ. ಒಮ್ಮೆ ಬೀದಿಗೆ ಬಿದ್ದು ಎದ್ದವರಿಗೆ 2009ರ ಪೆಟ್ಟು ಹೊಸದಾಗಿರಲಿಲ್ಲ. ಕೂಗಳತೆಯ ದೂರದ ಚರ್ಚ್ ಸ್ಟ್ರೀಟಿನ ಬ್ರಿಗೇಡ್ ಗಾರ್ಡನ್ಸ್ ಕಟ್ಟಡದಲ್ಲಿ ಅವರು ಮತ್ತೆ ಮೇಜು ಹಾಕಿದರು. ಅದೇ ರುಮಾಲು, ಅದೇ ಪಟ್ಟಿ, ಅದೇ ಮೊಟ್ಟೆ ಟೋಸ್ಟು. ಮಹಾತ್ಮ ಗಾಂಧಿ ರಸ್ತೆಯ ಹಳೆಯ ಗಿರಾಕಿಗಳಲ್ಲಿ ಹಲವರು ವಿಳಾಸ ಹುಡುಕಿಕೊಂಡು ಅಲ್ಲಿಗೆ ಬಂದರು.